ಪುಟ ತೆರೆಯುವ ಮುನ್ನ

ಪುಟ ಬೇಗ ತೆರೆದುಕೊಂಡದ್ದೇ ಟೇಪುವಿನ ಕಷ್ಟಕ್ಕೆಲ್ಲ ಮೂಲ. ವೆಬ್‌ಸೈಟು ತಡವಾಗಿ ತೆರೆದರೆ ತಲೆ ಕೆಡಿಸಿಕೊಳ್ಳುವವರನ್ನು ನಾವು ನೀವು ನೋಡಿದ್ದೇವೆ. ತಟಕ್ಕನೆ ತೆರೆಯಿತೆಂದು ಅಳುಮೋರೆ ಹಾಕಿಕೊಂಡು ಕೂತವನು ಇವನೊಬ್ಬನೇ.

ಟೇಪು ದರ್ಜಿಯ ಮಗ. ಉದ್ದಕ್ಕೆ, ತೆಳ್ಳಗೆ, ಎಲ್ಲಿ ಕೂತರೂ ಅರ್ಧ ಮಡಚಿಕೊಂಡೇ ಕೂರಬೇಕಾದ ಅವನಿಗೆ ಬೀದಿಯವರು ಇಟ್ಟ ಹೆಸರು ಅದು. ಈಗ ಹೆತ್ತ ಅಪ್ಪನೂ ಹಾಗೇ ಕರೆಯುತ್ತಿದ್ದ. ಆರು ತಿಂಗಳಿಂದ ವೆಬ್ ವಿನ್ಯಾಸ ಮತ್ತು ಅನಿಮೇಷನ್ ತರಗತಿಗೆ ಸೇರಿದ್ದ. ಸೇರಿದ್ದ ಅಂದರೆ ಕಡಿಮೆ ಹೇಳಿದಂತಾಯಿತು, ಅದರ ಹುಚ್ಚೇ ಹಿಡಿದಿತ್ತು. ಮೊದಲ ವಾರ ತೆರೆಯ ಮೇಲೆ ಚೆಂಡು ಪುಟಿಸುವುದನ್ನು ಕಲಿಸಿದರು. ನೆಲಕ್ಕೆ ತಾಗುವ ಒಂದೇ ಒಂದು ಚಿತ್ರದಲ್ಲಿ ಚೆಂಡನ್ನು ಕೊಂಚ ಚಪ್ಪಟೆ ಮಾಡಿದ್ದೇ ತಡ, ಅದಕ್ಕೆ ಜೀವ ಬಂದುಬಿಟ್ಟಿತು. ಟೇಪು ಮನೆಗೆ ಓಡಿ ಬಂದು, ಊಟಕ್ಕೆ ಕೂತಿದ್ದವರನ್ನೆಲ್ಲ ಎಬ್ಬಿಸಿ ತೋರಿಸಿದ.

"ಚೆಂಡು ಪುಟಿಯುತ್ತೆ ಅನ್ನೋದು ನಮಗೆ ಮೊದಲೇ ಗೊತ್ತಿತ್ತಲ್ಲೋ," ಎಂದ ಅಪ್ಪ.

ವೆಬ್ ವಿನ್ಯಾಸದಲ್ಲೂ ಅಷ್ಟೇ. ಡಬ್ಬದೊಳಗೆ ಡಬ್ಬ, ಅದರೊಳಗೆ ಇನ್ನೊಂದು ಡಬ್ಬ ಇಟ್ಟು ಪುಟ ಕಟ್ಟಬೇಕು. ಎಲ್ಲೋ ಒಂದು ಚಿಹ್ನೆ ಬಿಟ್ಟುಹೋದರೆ ತಲೆಬರಹ ಹೋಗಿ ಪಾದದ ಹತ್ತಿರ ಬೀಳುತ್ತದೆ. ಆ ಬಿಟ್ಟುಹೋದ ಚಿಹ್ನೆ ಸಿಕ್ಕಿದಾಗಲೆಲ್ಲ ಟೇಪು ಕುರ್ಚಿಯಿಂದ ನೆಗೆಯುತ್ತಿದ್ದ. ಪಕ್ಕದಲ್ಲಿ ಕೂರುವವರು ತಮ್ಮ ನೀರಿನ ಬಾಟಲಿಯನ್ನು ದೂರ ಇಡುವುದನ್ನು ರೂಢಿ ಮಾಡಿಕೊಂಡರು.

ಈ ದಿನ ಕೊನೆಯ ಪರೀಕ್ಷೆ. ಮಧ್ಯಾಹ್ನ ಮೂರಕ್ಕೆ ಒಬ್ಬೊಬ್ಬರೂ ತಾವು ನಿಜವಾದ ಒಂದು ಅಂಗಡಿಗೆ ಮಾಡಿದ ವೆಬ್‌ಸೈಟು ತೋರಿಸಬೇಕು. ನೋಡಲು ಕಾರ್ಟೂನು ಸ್ಟುಡಿಯೋ ಒಂದರ ಒಡತಿ ಬರುತ್ತಿದ್ದಳು. ಅವಳ ಹತ್ತಿರ ಒಂದು ಕೆಲಸ ಖಾಲಿ ಇತ್ತು, ಒಂದೇ ಒಂದು. ಅದು ಸಿಕ್ಕರೆ ಟೇಪುವಿಗೆ ಸೋಮವಾರದಿಂದ ಬೆಳಗ್ಗೆಯಿಂದ ಸಂಜೆಯ ತನಕ ಗೊಂಬೆ ಕುಣಿಸುವ ಭಾಗ್ಯ. ಸಿಗದಿದ್ದರೆ ಅಪ್ಪನ ಅಂಗಡಿ. ಹಾಗೆಂದು ಆರು ತಿಂಗಳ ಹಿಂದೆಯೇ ಒಪ್ಪಂದವಾಗಿತ್ತು. ಟೇಪುವಿಗೆ ಅಂಗಡಿಯೆಂದರೆ ಎದೆ ಝಲ್ಲೆನ್ನುತ್ತಿತ್ತು. ಹಿಂದೊಮ್ಮೆ ಕೂರಿಸಿದಾಗ ಗಿರಾಕಿಯೊಬ್ಬನ ಪ್ಯಾಂಟಿನ ಎರಡೂ ಜೇಬಿನ ಬಾಯಿ ಹೊಲಿದು ಕಳಿಸಿದ್ದ.

ಅವನು ಆರಿಸಿಕೊಂಡದ್ದು ಅಪ್ಪನ ಅಂಗಡಿಯನ್ನೇ. ಅಳತೆ ಕಳಿಸಲು ಒಂದು ಪುಟ, ಬಟ್ಟೆ ತೋರಿಸಲು ಒಂದು ಪುಟ, ಕೆಳಗೆ ಫೋನ್ ನಂಬರು. ಅದೆಲ್ಲ ಒಂದು ವಾರದ ಕೆಲಸ. ಮೂರು ವಾರ ಹಿಡಿದದ್ದು ಕತ್ತರಿ. ಪುಟ ತೆರೆಯುವ ತನಕ ಕಾಯುವವರಿಗೆ ಬೇಸರವಾಗದಿರಲಿ ಎಂದು, ಅಲಗುಗಳನ್ನೇ ಕಾಲು ಮಾಡಿಕೊಂಡು ನಡೆದು ಹೋಗುವ ಒಂದು ಕತ್ತರಿ ಬರೆದಿದ್ದ. ಆಹಾ, ಅದರ ನಡಿಗೆಯೇ. ಒಂದು ಕಾಲಿನ ಮೇಲೆ ಬೀಳುವಂತಾಗಿ, ಇನ್ನೊಂದು ಕಾಲು ಬಂದು ಹಿಡಿದುಕೊಳ್ಳುವುದೇ ನಡಿಗೆ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಅದನ್ನು ತಿಳಿದುಕೊಳ್ಳಲು ಟೇಪು ಬೀದಿಯಲ್ಲಿ ಹೋಗುವವರ ಕಾಲನ್ನೇ ನೋಡುತ್ತಾ ಎರಡು ಸಲ ಕಂಬಕ್ಕೆ ಹಾಯ್ದಿದ್ದ.

ಬೆಳಗ್ಗೆ ಎಂಟಕ್ಕೆ ಅಂಗಡಿಯಲ್ಲಿ ಸೈಟನ್ನು ಮೊದಲ ಬಾರಿ ಅಜ್ಜಿಯ ಮುಂದೆ ತೆರೆದ. ಅಜ್ಜಿ ಎಂದರೆ ಅಪ್ಪನ ತಾಯಿ. ನಲವತ್ತು ವರ್ಷದಿಂದ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಗುಂಡಿ ಹಾಕುತ್ತಾ, ಬಂದ ಗಿರಾಕಿಗಳನ್ನೆಲ್ಲ ನಗಿಸಿ ಕಳಿಸುವವಳು.

ತೆರೆಯ ಮೇಲೆ ಏನೋ ಮಿಣಕ್ ಎಂದಿತು. ಮರುಗಳಿಗೆ ಬಟ್ಟೆಗಳ ಪುಟ ಬಂತು.

"ಏನೋ ಓಡಿಹೋಯ್ತಲ್ಲೋ. ಜಿರಲೆನಾ?" ಎಂದಳು ಅಜ್ಜಿ.

ಮೂರು ವಾರದ ಕತ್ತರಿ ಅರ್ಧ ಸೆಕೆಂಡಿಗೆ ಜಿರಲೆಯಾಯಿತು. ಪುಟವನ್ನು ಹಗುರ ಮಾಡು, ಹಗುರ ಮಾಡು ಎಂದು ಕಲಿಸಿದ್ದ ಪಾಠವನ್ನು ಟೇಪು ಮೈಮರೆತು ಪಾಲಿಸಿದ್ದ. ಈಗ ಏನು ಮಾಡುವುದು? ಕ್ಷಣ ಯೋಚಿಸಿ, ಬೇರೆ ಯಾವ ವೆಬ್ ವಿನ್ಯಾಸಗಾರನೂ ಮಾಡದ ಕೆಲಸ ಮಾಡಿದ. ಹತ್ತು ಸೆಕೆಂಡು ಸುಮ್ಮನೆ ಕಾದುಕೊಂಡಿದ್ದು ಆಮೇಲೆ ತೆರೆದುಕೊ ಎಂದು ಪುಟಕ್ಕೇ ಆಜ್ಞೆ ಬರೆದ.

ಈಗ ಕತ್ತರಿ ಗತ್ತಿನಿಂದ ನಡೆದು ಹೋಯಿತು. ಅಜ್ಜಿ ಸೂಜಿ ಕೆಳಗಿಟ್ಟಳು. "ಚೆನ್ನಾಗಿದೆ ಕಣೋ. ಆದ್ರೆ ಎಲ್ಲಿಗೆ ಹೋಗ್ತಿದೆ ಅದು?"

"ಎಲ್ಲಿಗೂ ಇಲ್ಲ ಅಜ್ಜಿ. ಪುಟ ತೆರೆಯೋ ತನಕ ನಡೀತಾ ಇರುತ್ತೆ."

"ಕೆಲಸ ಇಲ್ದೆ ಯಾರಾದ್ರೂ ಹಂಗೆ ನಡೀತಾರಾ? ಒಂದು ಗುಂಡಿ ಓಡಿಹೋಗಿದೆ ಅನ್ನು. ಹೊಟ್ಟೆ ದಪ್ಪ ಇರೋನ ಕೋಟಲ್ಲಿ ಇದ್ದು ಇದ್ದು ಸಾಕಾಗಿ ಓಡಿಹೋಗಿದೆ. ಕತ್ತರಿ ಅದನ್ನ ಹುಡುಕ್ಕೊಂಡು ಹೊರಟಿದೆ."

ಟೇಪುವಿನ ಮೈ ಜುಮ್ಮೆಂದಿತು. ಗುಂಡಿಯೆಂದರೆ ನಾಲ್ಕು ತೂತಿನ ದುಂಡು, ಉರುಳಿಸಿದರಾಯಿತು. ಕತ್ತರಿಯ ನಡಿಗೆ ಹೇಗೂ ಸಿದ್ಧವಿದೆ. ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಒಂಬತ್ತೂವರೆಗೆ ಗುಂಡಿ ಕೋಟಿನಿಂದ ಚಿಮ್ಮಿ, ಮೇಜಿನಿಂದ ಹಾರಿ, ಬಾಗಿಲ ಸಂದಿಯಲ್ಲಿ ನುಸುಳಿ ಪರಾರಿಯಾಯಿತು. ಪುಟಕ್ಕೆ ನಲವತ್ತು ಸೆಕೆಂಡು ಕಾಯಲು ಹೇಳಲಾಯಿತು.

ಅಷ್ಟರಲ್ಲಿ ಎದುರಿನ ಗಡಿಯಾರ ರಿಪೇರಿಯವರು ಪ್ಯಾಂಟು ಕೇಳಲು ಬಂದರು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ತೆರೆಯ ಹತ್ತಿರ ಬಗ್ಗಿದರು. "ಬರೀ ಕತ್ತರಿ ಒಂದೇ ಹೋದ್ರೆ ಹೇಗ್ರೀ? ದಾರಿ ತಪ್ಪುತ್ತೆ. ಜೊತೆಗೆ ಸೂಜಿ ಕಳ್ಸಿ. ಹಿಂದೆ ದಾರ ಬಿಟ್ಕೊಂಡು ಹೋಗ್ಲಿ, ವಾಪಸ್ ಬರೋಕೆ ಗುರುತಿರುತ್ತೆ."

"ಹಾಕು," ಎಂದಳು ಅಜ್ಜಿ. ಟೇಪು ಹಾಕಿದ.

ನಗು ಕೇಳಿ ಮೇಲಿನ ಮನೆಯ ಅತ್ತೆ ಇಳಿದು ಬಂದಳು. ಅತ್ತೆಯೆಂದರೆ ಯಾರ ಅತ್ತೆಯೂ ಅಲ್ಲ, ಇಡೀ ಕಟ್ಟಡಕ್ಕೆ ಸಲಹೆ ಕೊಡುವ ಹಕ್ಕು ಇದ್ದುದರಿಂದ ಆ ಹೆಸರು. "ಇಸ್ತ್ರಿಪೆಟ್ಟಿಗೆ ಎಲ್ಲಿ? ದರ್ಜಿ ಅಂಗಡಿಲಿ ಇಸ್ತ್ರಿಪೆಟ್ಟಿಗೆ ಇಲ್ದೆ ಇರುತ್ತಾ? ಅದು ಗೊರಕೆ ಹೊಡೀತಾ ಮಲಗಿರ್ಲಿ. ಗುಂಡಿ ಅದರ ಬೆನ್ನ ಮೇಲೆ ಹತ್ತಿ ಕೂರಲಿ."

"ಹಾಕು," ಎಂದಳು ಅಜ್ಜಿ.

ಅತ್ತೆಗೆ ಹುರುಪು ಬಂತು. "ಆಮೇಲೆ ಆ ಗುಂಡಿಗೂ ಕಾಜಾಗೂ ಮದುವೆ ಮಾಡಿಸಿಬಿಡು."

"ಬೇಡ," ಎಂದಳು ಅಜ್ಜಿ. "ಅಷ್ಟು ಹೊತ್ತು ಯಾರು ಕೂರ್ತಾರೆ. ಇಸ್ತ್ರಿಪೆಟ್ಟಿಗೆ ಎದ್ದ ಮೇಲೆ ಒಂದ್ಸಲ ಹಿಂಗೆ ನೋಡ್ಲಿ, ಒಂದ್ಸಲ ಹಂಗೆ ನೋಡ್ಲಿ. ಮತ್ತೆ ಮಲಗಿಬಿಡ್ಲಿ. ಅಲ್ಲಿ ನಗು ಬರುತ್ತೆ."

ಟೇಪು ಹಾಗೇ ಮಾಡಿದ. ಗಡಿಯಾರದವರು ನಕ್ಕ ರಭಸಕ್ಕೆ ಭೂತಗನ್ನಡಿ ಕಳಚಿ ಚಹಾದ ಲೋಟಕ್ಕೆ ಬಿತ್ತು.

ಹನ್ನೆರಡಾಯಿತು. ಪುಟ ಈಗ ಎರಡು ನಿಮಿಷ ಕಾಯುತ್ತಿತ್ತು. ಅಪ್ಪ ಬಟ್ಟೆ ಕತ್ತರಿಸುವ ಮೇಜಿನಿಂದಲೇ ಕೂಗಿ ಕೇಳಿದ, "ಅಂಗಡಿ ಫೋನ್ ನಂಬರು ಇದೆಯೇನೋ ಅದರಲ್ಲಿ?"

"ಇದೆ ಅಪ್ಪಾ. ಆಮೇಲೆ ಬರುತ್ತೆ."

"ಯಾವಾಗ?"

ಉತ್ತರ ಕೊಡಲು ಟೇಪುವಿಗೆ ಪುರುಸೊತ್ತಿರಲಿಲ್ಲ. ಕತೆ ಮುಗಿಸುವುದು ಹೇಗೆಂದು ತಿಳಿಯದೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ಕತ್ತರಿಗೆ ಗುಂಡಿ ಸಿಕ್ಕಿತು, ಸರಿ. ಆಮೇಲೆ? ಅಜ್ಜಿ ಕೈಯಲ್ಲಿದ್ದ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತಾ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು.

"ಕತ್ತರಿ ಖುಷಿಯಲ್ಲಿ ತಬ್ಬಿಕೊಳ್ಳೋಕೆ ಹೋಗುತ್ತೆ. ಅದು ತಬ್ಬಿಕೊಂಡ್ರೆ ಏನಾಗುತ್ತೆ? ಗುಂಡೀಗೆ ಕಟ್ಟಿದ ದಾರ ತುಂಡಾಗುತ್ತೆ. ಗುಂಡಿ ಮತ್ತೆ ಉರುಳಿ ಹೋಗುತ್ತೆ. ಪಾಪ, ಕತ್ತರಿಗೆ ಯಾರನ್ನೂ ತಬ್ಬಿಕೊಳ್ಳೋ ಹಾಗಿಲ್ಲ. ಮೂರು ಸಲ ಹಂಗಾಗ್ಲಿ. ಆಮೇಲೆ ಅದು ಕಾಲು ಮಡಚ್ಕೊಂಡು ಒಂದು ಮೂಲೇಲಿ ಕೂತುಬಿಡ್ಲಿ. ಆಗ ಗುಂಡಿನೇ ಬಂದು ಪಕ್ಕದಲ್ಲಿ ಕೂರುತ್ತೆ."

ಅತ್ತೆ ಸೆರಗಿಗೆ ಕಣ್ಣೊರೆಸಿಕೊಂಡಳು. ಟೇಪು ಅದನ್ನೆಲ್ಲ ಉಸಿರು ಬಿಗಿಹಿಡಿದು ಬರೆದ. ಇಷ್ಟು ಸಂತೋಷ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಎರಡೂ ಇಪ್ಪತ್ತಕ್ಕೆ ಮುಗಿಯಿತು. ಪುಟಕ್ಕೆ ನಾಲ್ಕು ನಿಮಿಷ ನಲವತ್ತು ಸೆಕೆಂಡು ಕಾಯುವ ಆಜ್ಞೆ ಕೊಟ್ಟು ಲ್ಯಾಪ್‌ಟಾಪು ಮಡಚಿದ.

"ನಾನೂ ಬರ್ತೀನಿ," ಎಂದಳು ಅಜ್ಜಿ. "ಗೋಡೆ ಅಗಲ ಕಾಣುತ್ತಂತಲ್ಲ. ಅಷ್ಟು ದೊಡ್ಡ ಗುಂಡಿ ನಾನು ನೋಡಿಲ್ಲ."

ತರಗತಿಯಲ್ಲಿ ಪರದೆ ಇಳಿಬಿಟ್ಟಿದ್ದರು. ಪಾಠ ಹೇಳುವ ಮೇಡಂ ಮೇಜಿನ ಮೇಲೆ ಗಂಟೆ ಇಟ್ಟುಕೊಂಡು ಕೂತಿದ್ದರು. ಒಬ್ಬರಿಗೆ ಐದು ನಿಮಿಷ, ಗಂಟೆ ಬಾರಿಸಿದರೆ ಪರದೆ ಬಂದ್. ಅದರಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ. ಸ್ಟುಡಿಯೋದ ಒಡತಿ ಪಕ್ಕದಲ್ಲಿ ಗಲ್ಲಕ್ಕೆ ಕೈಕೊಟ್ಟು, ಆಕಳಿಕೆ ನುಂಗುತ್ತಾ ಕೂತಿದ್ದಳು. ಟೇಪುವಿನ ಮುಂಚಿನವರು ಹೂವಿನ ಅಂಗಡಿ, ಚಪ್ಪಲಿ ಅಂಗಡಿ, ಹಲ್ಲಿನ ಆಸ್ಪತ್ರೆ ಎಲ್ಲವನ್ನೂ ಚಕಚಕನೆ ತೆರೆದು ತೋರಿಸಿದರು.

ಟೇಪುವಿನ ಸರದಿ ಬಂತು. ಕತ್ತರಿ ಹೊರಟಿತು.

ಮೊದಲ ನಿಮಿಷಕ್ಕೇ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಸ್ತ್ರಿಪೆಟ್ಟಿಗೆ ಹಿಂಗೊಮ್ಮೆ ಹಂಗೊಮ್ಮೆ ನೋಡಿ ಮಲಗಿದಾಗ ಇಡೀ ಕೋಣೆ ಘೊಳ್ಳೆಂದಿತು. ಒಡತಿ ಗಲ್ಲದಿಂದ ಕೈ ತೆಗೆದಳು.

"ಪುಟ ಎಲ್ಲಿ?" ಎಂದರು ಮೇಡಂ.

"ಬರ್ತಾ ಇದೆ ಮೇಡಂ."

"ಮೂರು ನಿಮಿಷ ಆಯ್ತು."

"ದಾರೀಲಿದೆ ಮೇಡಂ."

ಕತ್ತರಿ ಮೊದಲ ಸಲ ತಬ್ಬಿಕೊಂಡಾಗ ಎಲ್ಲರೂ ನಕ್ಕರು. ಎರಡನೇ ಸಲ ನಗು ಕಡಿಮೆಯಾಯಿತು. ಮೂರನೇ ಸಲ ಒಬ್ಬರೂ ನಗಲಿಲ್ಲ, ಎಲ್ಲೋ "ಅಯ್ಯೋ" ಎಂದದ್ದು ಕೇಳಿಸಿತು. ಆದರೆ ತರಗತಿಯ ಇಂಟರ್‌ನೆಟ್ಟು ಅಪ್ಪನ ಅಂಗಡಿಯದಕ್ಕಿಂತ ನಿಧಾನ. ಲೆಕ್ಕಕ್ಕಿಂತ ಇಪ್ಪತ್ತು ಸೆಕೆಂಡು ಹೆಚ್ಚು ಹಿಡಿಯಿತು. ಗುಂಡಿ ಉರುಳುತ್ತಾ ಬಂದು ಕತ್ತರಿಯ ಪಕ್ಕದಲ್ಲಿ ಕೂತಿತು. ತೆರೆ ಬೆಳ್ಳಗಾಗಿ ತಲೆಬರಹದ ಮೊದಲ ಅಕ್ಷರ ಮೂಡುವುದಕ್ಕೂ ಮೇಡಂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

ಕೋಣೆ ತುಂಬ ಚಪ್ಪಾಳೆ. ಮೇಡಂ ಕೈ ಎತ್ತಿ ನಿಲ್ಲಿಸಿದರು. "ಅನಿಮೇಷನ್ ಪಾಸು. ವೆಬ್ ವಿನ್ಯಾಸ ಫೇಲು. ನೋಡದೇ ಇರೋ ಪುಟಕ್ಕೆ ನಾನು ಹೇಗಪ್ಪಾ ಅಂಕ ಕೊಡ್ಲಿ? ಇನ್ನೊಂದು ಮೂರು ತಿಂಗಳು ಬಾ."

ಟೇಪುವಿನ ಕಿವಿಗೆ ಅದು ಬೀಳಲೇ ಇಲ್ಲ. ಸ್ಟುಡಿಯೋದ ಒಡತಿ ಎದ್ದು ಅವನತ್ತಲೇ ಬರುತ್ತಿದ್ದಳು, ನಕ್ಕು ನಕ್ಕು ಕಣ್ಣು ಒದ್ದೆಯಾಗಿತ್ತು. ಅವನ ಎದೆ ಹೊಲಿಗೆ ಯಂತ್ರದಂತೆ ಹೊಡೆದುಕೊಳ್ಳತೊಡಗಿತು.

"ಗೊಂಬೆ ಕುಣಿಸೋರು ನನ್ನ ಹತ್ರ ಹದಿನಾಲ್ಕು ಜನ ಇದ್ದಾರೆ," ಎಂದಳು ಅವಳು. "ಎಲ್ಲಿ ನಗಿಸಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋರು ಒಬ್ಬರೂ ಇಲ್ಲ. ಎರಡು ವರ್ಷದಿಂದ ಹುಡುಕ್ತಿದ್ದೀನಿ. ಗುಂಡಿ ಓಡಿಹೋಗೋದು ನಿಂಗೆ ಹೇಗೆ ಹೊಳೀತು?"

ಟೇಪು ಸುಳ್ಳು ಹೇಳುವ ಜಾತಿಯವನಲ್ಲ. "ಅದು ಅಜ್ಜಿ ಹೇಳಿದ್ದು."

"ಇಸ್ತ್ರಿಪೆಟ್ಟಿಗೆ ಹಿಂಗೆ ಹಂಗೆ ನೋಡೋದು?"

"ಅದೂ ಅಜ್ಜಿನೇ."

"ಕತ್ತರಿಗೆ ತಬ್ಬಿಕೊಳ್ಳೋಕೆ ಆಗಲ್ಲ ಅನ್ನೋದು?"

ಟೇಪು ಸುಮ್ಮನೆ ಅಜ್ಜಿಯ ಕಡೆ ಕೈ ತೋರಿಸಿದ.

"ಹಾಗಾದ್ರೆ ನಿಂದು ಯಾವುದು?"

"ಪುಟ ಕಾಯೋದು ನಂದು," ಎಂದ ಟೇಪು.

ಸಂಜೆ ಅಂಗಡಿಯಲ್ಲಿ ಬೀದಿಯವರೆಲ್ಲ ಸೇರಿದ್ದರು. ಮೇಲಿನ ಮನೆಯ ಅತ್ತೆ ನೇಮಕಾತಿ ಪತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ಕತೆ ವಿಭಾಗದ ಮುಖ್ಯಸ್ಥೆ, ಸೋಮವಾರ ಬೆಳಗ್ಗೆ ಹತ್ತಕ್ಕೆ ಹಾಜರಾಗುವುದು, ಹೋಗಿಬರಲು ಸ್ಟುಡಿಯೋದ ಕಾರು. ಗಡಿಯಾರದವರು ಅಜ್ಜಿಗೆ ತಮ್ಮ ಅಂಗಡಿಯ ಕೈಗಡಿಯಾರವೊಂದನ್ನು ಕಟ್ಟಿ, ಸಮಯ ನೋಡುವುದನ್ನು ತೋರಿಸಿಕೊಡುತ್ತಿದ್ದರು.

ಅಪ್ಪನಿಗೆ ಅಷ್ಟು ಹೊತ್ತಿಗೆ ಒಂದು ವಿಷಯ ಹೊಳೆಯಿತು. "ಅಮ್ಮ ಹೋದ್ರೆ ಗುಂಡಿ ಹಾಕೋರು ಯಾರು?" ಎಂದ. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

ಟೇಪು ಉದ್ದನೆಯ ಕಾಲನ್ನು ಮಡಚಿ ಮೂಲೆಯ ಸ್ಟೂಲಿನ ಮೇಲೆ ಕೂತ. ಮೊದಲ ಹೊಲಿಗೆಗೇ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಅಜ್ಜಿಗೆ ಕರುಳು ಚುರ್ ಎಂದಿತು. ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಂತೆ ಬಗ್ಗಿ, ಅವನ ತಲೆ ಸವರಿದಳು.

"ಬೇಜಾರು ಮಾಡ್ಕೋಬೇಡ ಮಗಾ. ಒಂದು ಅರ್ಜಿ ಬರೆದು ಕೊಟ್ಟಿರು. ಸ್ವಲ್ಪ ದಿನ ಹೋಗ್ಲಿ, ಆಫೀಸಲ್ಲಿ ಒಂದು ಮಾತು ಹಾಕಿ ನೋಡ್ತೀನಿ."