ಶುಕ್ರವಾರದ ಒಪ್ಪಿಗೆ ಪಾಠ

ಪಾಠ ಹೇಳುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾವು ಹೇಳುವುದೊಂದು, ಮಕ್ಕಳು ಮನೆಗೆ ಹೊತ್ತುಕೊಂಡು ಹೋಗುವುದು ಇನ್ನೊಂದು. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಕೃಷ್ಣರಾಜನಗರದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದೆ. ನಿವೃತ್ತಳಾಗಿ ಎಷ್ಟೋ ವರ್ಷವಾಯಿತು. ಈಗಲೂ ಶುಕ್ರವಾರ ಮಧ್ಯಾಹ್ನ ಮೂರೂವರೆಯಾದರೆ ಮನಸ್ಸು ಹೋಗಿ ಆ ತರಗತಿಯ ಬಾಗಿಲಲ್ಲಿ ನಿಂತುಬಿಡುತ್ತದೆ. ಎಳೆದು ತರಬೇಕು.

ಟೈಮ್ ಟೇಬಲ್

ಒಂದು ದಿನ ವರಾಂಡದಲ್ಲಿ ಒಬ್ಬ ಹುಡುಗ ಹುಡುಗಿಯೊಬ್ಬಳ ಕೈ ಹಿಡಿದೆಳೆದ. ಅವಳು ವಾರವಿಡೀ ಕಾಲೇಜಿಗೆ ಬರಲಿಲ್ಲ. ಪ್ರಿನ್ಸಿಪಾಲರು ಹುಡುಗನನ್ನು ಕರೆಸಿ ಕೇಳಿದರೆ, "ಅವಳು ಬೇಡ ಅನ್ನಲಿಲ್ಲ ಸಾರ್, ಸುಮ್ನಿದ್ಲು" ಅಂದನಂತೆ. ಅವರು ನನ್ನನ್ನು ಕರೆದರು. ಇಡೀ ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ನಾನೊಬ್ಬಳೇ.

"ಮೇಡಂ, ಹುಡುಗರಿಗೆ... ಹುಡುಗಿಯರ ಜೊತೆ... ಅದೂ... ಹೇಗಿರಬೇಕು ಅಂತ ವಾರಕ್ಕೊಂದು ಪೀರಿಯಡ್ ತಗೊಳ್ಳಿ" ಅಂದರು. ಮುಖ ಕೆಂಪಾಗಿತ್ತು.

ಪಕ್ಕದಲ್ಲಿದ್ದ ಗುಮಾಸ್ತರು ಕೇಳಿದರು. "ಸಬ್ಜೆಕ್ಟು ಏನಂತ ಬರಕೊಳ್ಳಲಿ ಸಾರ್?"

"ಅದೇ ರೀ, ಅದು!"

ಮಾರನೇ ದಿನ ನೋಟೀಸ್ ಬೋರ್ಡಿನಲ್ಲಿ ದುಂಡಗಿನ ಅಕ್ಷರದಲ್ಲಿತ್ತು: ಶುಕ್ರವಾರ, ಕೊನೆಯ ಪೀರಿಯಡ್, ಅದು. ಆ ಶುಕ್ರವಾರ ಬೆಂಚು ಸಾಲದೆ ಹುಡುಗರು ಕಿಟಕಿಯ ಮೇಲೂ ಕೂತಿದ್ದರು.

ಹಿಂದೆ ಬರಬಹುದಾ?

ನನ್ನ ತರಗತಿಗೂ ರಸಾಯನಶಾಸ್ತ್ರದ ಲ್ಯಾಬಿಗೂ ನಡುವೆ ಬರೀ ಹಲಗೆಯ ಗೋಡೆ. ಆ ಕಡೆ ಒಬ್ಬರು ಡೆಮಾನ್‌ಸ್ಟ್ರೇಟರು ಗಾಜಿನ ಸಾಮಾನು ತೊಳೆಸುತ್ತಿದ್ದರು. ನಾನು ಪಾಠ ಶುರು ಮಾಡಿದರೆ ಗಾಜಿನ ಸದ್ದು ನಿಂತುಹೋಗುತ್ತಿತ್ತು. ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು. ನಾನೂ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೆ.

ಮೊದಲ ಪಾಠ ಇಷ್ಟೇ: ಯಾವ ಹುಡುಗಿಯ ಹಿಂದೆಯೂ ಕೇಳದೆ ಹೋಗಬಾರದು. ಸುಮ್ಮನಿದ್ದರೆ ಒಪ್ಪಿದಳು ಅಂತಲ್ಲ. ಬೇಡ ಅಂದರೆ ಬೇಡ.

ಚುಂಚನಕಟ್ಟೆಯ ಹುಡುಗನೊಬ್ಬ ತನ್ನೂರಿನ ಕಡೆಯ ಹುಡುಗಿಯ ಹಿಂದೆ ದಿನಾ ಬಸ್ ಸ್ಟ್ಯಾಂಡಿನತನಕ ಹೋಗುತ್ತಿದ್ದ. ಅವಳಿಗೆ ಅದರಿಂದ ನಡುಕ. ಪಾಠ ಕೇಳಿದ ಸಂಜೆ ಬಸ್ಸಿನ ಹತ್ತಿರ ನಿಂತು ಧೈರ್ಯ ಮಾಡಿ ಕೇಳಿದನಂತೆ. "ನಾನು ನಿಮ್ಮ ಹಿಂದೆ ಬರಬೌದಾ?"

ಅವಳು ಮೊದಲ ಸಲ ತಲೆ ಎತ್ತಿ "ಬ್ಯಾಡ" ಅಂದಳು.

"ಸರಿ" ಅಂದ. ಬಸ್ಸು ಹೊರಟಿತು. ಅವನು ಹತ್ತಲಿಲ್ಲ. ಅವತ್ತಿಗೆ ಅದೇ ಕೊನೆಯ ಬಸ್ಸು. ಒಂಬತ್ತು ಮೈಲಿ ನಡೆದೇ ಊರು ಸೇರಿದ.

ಸೋಮವಾರ ಕುಂಟುತ್ತಾ ಬಂದವನನ್ನು ನೋಡಿ ಹುಡುಗಿ ನನ್ನ ಹತ್ತಿರ ಹೇಳಿಕೊಂಡಳು. "ಹಿಂದ್ಗಡೆ ಬರ್ಬ್ಯಾಡ ಅಂದೆ ಮೇಡಂ. ಮುಂದ್ಗಡೆ ಬಾಗ್ಲಲ್ಲಿ ಹತ್ಕಂಡು ಹೋಗ್ಬ್ಯಾಡ ಅಂದ್ನಾ ನಾನು?"

ಮುದ್ದೆ

ಇನ್ನೊಂದು ಶುಕ್ರವಾರ ಮನೆಯೊಳಗಿನ ಹೊಡೆತದ ಮಾತು ಬಂತು. ಒಬ್ಬ ಹುಡುಗ ಎದ್ದು ನಿಂತ. "ನಮ್ಮಪ್ಪ ನಮ್ಮವ್ವಂಗೆ ಹೊಡೀತಾನೆ ಮೇಡಂ. ಪ್ರೀತಿನೂ ಅಷ್ಟೇ ಐತೆ."

ಹುಡುಗಿಯರ ಬೆಂಚಿನಿಂದ ಒಂದು ದನಿ ಬಂತು. "ಹಂಗಾರೆ ನಿಮ್ಮವ್ವನೂ ಒಂದ್ಸಲ ಅದೇ ಥರ ಪ್ರೀತಿ ತೋರಿಸ್ಲಿ ಬುಡು!"

ಎಲ್ಲರೂ ನಕ್ಕರು. ಆ ಹುಡುಗ ನಗಲಿಲ್ಲ. ಎಲ್ಲರೂ ಹೋದ ಮೇಲೆ ಉಳಿದುಕೊಂಡು ಮೆಲ್ಲಗೆ ಕೇಳಿದ. "ತಡೆಯೋದು ಹೆಂಗೆ ಮೇಡಂ?" "ಅಪ್ಪನಿಗೆ ತಿರುಗಿ ಹೊಡೀಬೇಡ. ಕೈ ಎತ್ತಿದಾಗ ಆ ಕೈ ಹಿಡ್ಕೊ" ಅಂದೆ. ಮಾರನೇ ದಿನದಿಂದ ಹಾಜರಿ ಕೂಗುವಾಗ ಮೊದಲು ಅವನ ಬೆಂಚು ನೋಡುತ್ತಿದ್ದೆ.

ವಾರ ಕಳೆಯುವುದರೊಳಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎತ್ತರದ ಗಂಡಸೊಬ್ಬರು ಬಾಗಿಲಲ್ಲಿ ನಿಂತರು.

"ಯಾರವ್ವಾ ಇಲ್ಲಿ ಸುಕ್ರವಾರದ ಪಾಟ ಮಾಡೋರು?"

"ನಾನೇ" ಅಂದೆ. ಆ ಡೆಮಾನ್‌ಸ್ಟ್ರೇಟರು ಲ್ಯಾಬಿನಿಂದ ಬಂದು ವರಾಂಡದಲ್ಲಿ ಸುಮ್ಮನೆ ನಿಂತುಕೊಂಡರು.

"ನನ್ ಮಗ ನನ್ ಕೈ ಹಿಡ್ಕಂಡ ಕಣವ್ವಾ. ಹಿಡ್ಕಂಡು ಅತ್ತುಬುಟ್ಟ. ನಂಗೂ ನಾಚ್ಕೆ ಆಯ್ತು. ಇನ್ಮ್ಯಾಕೆ ಕೈ ಎತ್ತಾಕಿಲ್ಲ ಅಂತ ಮಾತು ಕೊಟ್ಟಿವ್ನಿ. ಅದು ಬುಡಿ. ಆದ್ರೆ ಅವನು ನಿಮ್ ಪಾಟಾನೆಲ್ಲ ಅವರವ್ವಂಗೂ ಒಪ್ಪಿಸವ್ನೆ. ಈಗ ಉಣ್ಣಾಕೆ ಕುಂತ್ರೆ 'ಇನ್ನೊಂದು ಮುದ್ದೆ ಇಕ್ಲಾ?' ಅಂತಾಳೆ. ನಾನು ಯಾವತ್ತಾದ್ರೂ ಬಾಯ್ಬುಟ್ಟು ಕೇಳಿವ್ನಾ? ಸುಮ್ಕಿರ್ತೀನಿ. 'ಸುಮ್ಕಿದ್ರೆ ಒಪ್ಗೆ ಅಲ್ವಂತೆ' ಅಂತ ಮುದ್ದೆ ಎತ್ಕಂಡು ಒಳಕ್ಕೋಯ್ತಾಳೆ! ನಾಕು ದಿನ ಆಯ್ತು ಕಣವ್ವಾ ಹೊಟ್ಟೆ ತುಂಬ ಉಂಡು!"

ಹುಣಸೂರಿನ ಬಸ್ಸು

ಅವತ್ತು ಆ ಹುಡುಗನ ಅಪ್ಪ ಹೋದ ಮೇಲೆ ಡೆಮಾನ್‌ಸ್ಟ್ರೇಟರೂ ನಾನೂ ವರಾಂಡದಲ್ಲಿ ನಿಂತು ಬಹಳ ಹೊತ್ತು ನಕ್ಕೆವು. ಅಂದಿನಿಂದ ದಿನಾ ಒಟ್ಟಿಗೆ ಟೀ ಕುಡಿಯತೊಡಗಿದೆವು. ಮಾತು ಕಡಿಮೆ ಅವರದು. ಒಂದು ಸಂಜೆ ಲೋಟ ಕೆಳಗಿಟ್ಟು, "ಒಂದು ಮಾತು ಕೇಳಬಹುದಾ ಮೇಡಂ?" ಅಂದರು.

"ಕೇಳಿ."

"ನನ್ನನ್ನ ಮದುವೆ ಆಗ್ತೀರಾ?"

ಅಪ್ಪ ತೀರಿಹೋಗಿದ್ದರು. ಇಬ್ಬರು ತಂಗಿಯರು ಮದುವೆಗಿದ್ದರು. ಅವರನ್ನು ದಡ ಮುಟ್ಟಿಸದೆ ನಾನು ಹೊರಡುವುದು ಹೇಗೆ? "ಆಗಲ್ಲ" ಅಂದೆ. ಕಾರಣ ಹೇಳಲಿಲ್ಲ.

"ಸರಿ ಮೇಡಂ" ಅಂದರು. ಮುನಿಸಿಲ್ಲ, ಕೊಂಕಿಲ್ಲ. ಮಾರನೇ ದಿನವೂ ಟೀಗೆ ಬಂದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಒಂದು ವರ್ಷದೊಳಗೆ ತಂಗಿಯರಿಬ್ಬರಿಗೂ ಸಂಬಂಧ ಕೂಡಿಬಂತು. ನನ್ನೊಳಗಿನ "ಆಗಲ್ಲ" ಯಾವಾಗ ಕರಗಿತೋ ಗೊತ್ತಾಗಲಿಲ್ಲ. ಇನ್ನೊಂದು ಸಲ ಕೇಳಲಿ ಅಂತ ಕಾದೆ. ಬೆಳಗ್ಗೆ ಲ್ಯಾಬಿನ ಬೀಗ ತೆಗೆಯುವ ಸದ್ದಿಗೆ ಕೈಯಲ್ಲಿದ್ದ ಪುಸ್ತಕ ಮುಚ್ಚಿ ಕೂರುತ್ತಿದ್ದೆ. ಆದರೆ ಶುಕ್ರವಾರ ಬಂತೆಂದರೆ ನಾನೇ ಹಲಗೆ ಗೋಡೆ ಅದುರುವ ಹಾಗೆ, "ಒಂದು ಸಲ ಬೇಡ ಅಂದವಳನ್ನ ಮತ್ತೆ ಮತ್ತೆ ಕೇಳಿ ಪೀಡಿಸಬಾರದು!" ಅಂತ ಹೇಳುತ್ತಿದ್ದೆ. ಆ ಕಡೆ ಗಾಜಿನ ಸದ್ದು ನಿಂತಿರುತ್ತಿತ್ತು. ಜೂನ್‌ನಲ್ಲಿ ಅವರಿಗೆ ಹುಣಸೂರಿಗೆ ವರ್ಗವಾಯಿತು.

ಆಮೇಲೆ ಆ ಗೋಡೆಯ ಕಡೆ ನೋಡುವುದಕ್ಕೇ ಆಗುತ್ತಿರಲಿಲ್ಲ. ಸೆಪ್ಟೆಂಬರಿನ ಒಂದು ಶುಕ್ರವಾರ ಹುಡುಗಿಯೊಬ್ಬಳು ಎದ್ದು ಕೇಳಿದಳು. "ಮೇಡಂ, ಯಾವಾಗಲೂ ಹುಡುಗರೇ ಕೇಳಬೇಕಾ? ನಾವು ಕೇಳಬಾರದಾ?"

ನಾನು ಸೀಮೆಸುಣ್ಣ ಮೇಜಿನ ಮೇಲಿಟ್ಟೆ. "ಕೇಳಬಹುದು ಕಣಮ್ಮಾ. ಧಾರಾಳವಾಗಿ ಕೇಳಬಹುದು" ಅಂದೆ.

ಶನಿವಾರ ಮಧ್ಯಾಹ್ನವೇ ಹುಣಸೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಘಾಟು. ಕೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ಹೋದೆ.

ನನ್ನನ್ನು ನೋಡಿ ಅವರ ಮುಖ ಅರಳಿತು. ಕಾಲೇಜಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದರು. "ಒಂದು ಮಾತು ಕೇಳೋಣ ಅಂತ ಬಂದೆ" ಅಂದೆ.

"ಖಂಡಿತ ಕೇಳಿ. ಅದಕ್ಕೆ ಮೊದಲು ಇದು ತಗೊಳ್ಳಿ. ಅಂಚೆಗೆ ಹಾಕೋದರಲ್ಲಿದ್ದೆ, ನೀವೇ ಬಂದ್ರಿ." ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ.

ಟೀ ಬಂತು. ಒಂದು ಗುಟುಕು ಕುಡಿದೆ.

"ಏನೋ ಕೇಳಬೇಕು ಅಂದ್ರಲ್ಲ ಮೇಡಂ?"

"ಏನಿಲ್ಲ... ಹುಡುಗಿಯ ಒಪ್ಪಿಗೆ ಕೇಳಿದ್ರಾ ಅಂತ, ಅಷ್ಟೇ."

"ಕೇಳದೆ ಇರ್ತೀನಾ? ಹಲಗೆ ಆಚೆ ನಿಂತು ನಿಮ್ಮ ಪಾಠ ಅಷ್ಟು ಕೇಳಿದೀನಿ! ಒಂದು ಸಲ ಕೇಳ್ದೆ, ಹೂಂ ಅಂದ್ರು. ಮನೆಯವರ ಬಲವಂತ ಇರಬಹುದು ಅಂತ ಇನ್ನೊಂದು ಸಲ ಕೇಳ್ದೆ, ಹೂಂ ಅಂದ್ರು. ಯಾವುದಕ್ಕೂ ಇರಲಿ ಅಂತ ಮೂರನೇ ಸಲ ಕೇಳಿದ್ದಕ್ಕೆ, 'ಏನ್ರೀ ಇದು, ನನ್ನನ್ನ ಮದುವೆ ಮಾಡ್ಕೋತೀರೋ, ದಿನಾ ಹಾಜರಿ ಕೂಗ್ತೀರೋ?' ಅಂದ್ರು!"

ಇಬ್ಬರೂ ಟೀ ಚೆಲ್ಲುವಷ್ಟು ನಕ್ಕೆವು. ಅವರು ನಗು ನಿಲ್ಲಿಸಿದ ಮೇಲೂ ನಾನು ಇನ್ನೂ ಸ್ವಲ್ಪ ಹೊತ್ತು ನಕ್ಕೆ. ಕಣ್ಣೊರೆಸಿಕೊಳ್ಳುವುದಕ್ಕೆ ಅಷ್ಟು ಹೊತ್ತು ಬೇಕಿತ್ತು.