ಗುಂಡಗಾದ ಬೆಳ್ಳಿಯೂ ಕಪ್ಪು ಕಾಗದವೂ

ಆಕಾರದ ವಿಷಯದಲ್ಲಿ ನನ್ನ ಹಣೆಬರಹವೇ ಸರಿಯಿಲ್ಲ. ನಾನು ಲಟ್ಟಿಸಿದ ಚಪಾತಿ ಗುಂಡಗೆ ಬಂದದ್ದಿಲ್ಲ. ಗುಂಡಗೆ ಬರಬಾರದು ಎಂದು ಹಟ ಹಿಡಿದು ಮಾಡಿದ ಬೆಳ್ಳಿ ಮಾತ್ರ ಪ್ರತಿ ಸಲವೂ ಗುಂಡಗೇ ಬಂತು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಎಲ್ಲರ ಬಾಯಲ್ಲೂ ನ್ಯಾನೋ, ನ್ಯಾನೋ. ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದ ನಾನೂ ಪಿಎಚ್.ಡಿ.ಗೆ ಸೇರಿಕೊಂಡೆ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳನ್ನು ತ್ರಿಕೋನವಾಗಿ ಬೆಳೆಸುವುದು ನನ್ನ ಕೆಲಸ. ಗುಂಡಗಿದ್ದರೆ ದ್ರಾವಣ ಹಳದಿ, ತ್ರಿಕೋನವಾದರೆ ನೀಲಿ. ನನ್ನದು ಸದಾ ಹಳದಿ. ಹೊಳೆನರಸೀಪುರದ ಬಸ್ಸಿಳಿದು ಮನೆಗೆ ಬಂದರೆ ನಮ್ಮ ಯಜಮಾನರು ಚಪ್ಪಲಿ ಬಿಡುವುದಕ್ಕೂ ಬಿಡದೆ, "ಇವತ್ತೂ ಗುಂಡಗೇನಾ?" ಎನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ಮೈಸೂರಿನ ನನ್ನ ಗೈಡ್ ಕೊನೆಗೊಮ್ಮೆ, "ದೀಪಾವಳಿಯೊಳಗೆ ನೀಲಿ ತೋರಿಸದಿದ್ದರೆ ವಿಷಯ ಬದಲಿಸಮ್ಮ" ಎಂದುಬಿಟ್ಟರು. ಅಂದರೆ ಪಟ್ಟ ಪಾಡೆಲ್ಲ ನೀರುಪಾಲು. ಬೆಳ್ಳಿಯ ಲವಣಕ್ಕೆ ಬೆಳಕು ಆಗದು ಎಂದು ಓದುವಾಗಲೇ ಕಲಿತಿದ್ದೆನಲ್ಲ, ಅದಕ್ಕೇ ಪ್ರತಿ ಫ್ಲಾಸ್ಕಿಗೂ ಕಪ್ಪು ಕಾಗದ ಸುತ್ತುತ್ತಿದ್ದೆ. ಆಗಾಗ ಬಿಚ್ಚಿ ನೋಡುವುದು, ಹಳದಿ ಕಂಡರೆ ಸಿಂಕಿಗೆ ಸುರಿಯುವುದು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಾಲೇಜು ಲ್ಯಾಬಿನ ಅಟೆಂಡರ್ ಜವರಪ್ಪ ಅರಕಲಗೂಡಿನ ಕಡೆಯವರು, ಪೂಜೆಯಲ್ಲಿ ಮಹಾ ಕಟ್ಟುನಿಟ್ಟು. ತಕ್ಕಡಿ, ಬರ್ನರ್‌ಗಳ ಸಾಲಿನಲ್ಲಿ ನನ್ನ ಫ್ಲಾಸ್ಕನ್ನೂ ಕೂರಿಸಿ, ಟ್ಯೂಬ್‌ಲೈಟ್ ಹಾಕಿಬಿಟ್ಟರು. ನಾನು ಫ್ಲಾಸ್ಕಿಗೆ ಕೈ ಚಾಚಿದ್ದೇ ತಡ, "ಮುಟ್‌ಬ್ಯಾಡಿ ಮೇಡಂ! ವಿಜಯದಶಮಿ ಆಗ್ಲಿ, ನಾನೇ ಕದಲಿಸ್ತೀನಿ" ಎಂದು ಗದರಿದರು. ಲೈಟು ಉರಿಯುತ್ತಿದ್ದಂತೆಯೇ ಬೀಗ ಬಿತ್ತು. ರಜೆಯೆಲ್ಲ ಮನೆಯಲ್ಲಿ ಕೂತು ಚಡಪಡಿಸಿದೆ.

ರಜೆ ಮುಗಿಸಿ ಹೋದರೆ ಫ್ಲಾಸ್ಕಿನ ತುಂಬ ನೀಲಿ!

"ಜವರಪ್ಪ, ಇದಕ್ಕೆ ಬಟ್ಟೆಗೆ ಹಾಕೋ ನೀಲಿ ಬೆರೆಸಿದಿರಾ?"

"ದೇವ್ರಾಣೆಗೂ ಇಲ್ಲ ಮೇಡಂ. ಊವ ಮಡಗಿ ಕೈ ಮುಗ್ದೆ, ಅಷ್ಟೇಯ. ಪೂಜೆಗೆ ಕರೀದು ಆಗಕ್ಕಿಲ್ವಲ್ಲ, ಅದ್ಕೆ ಆ ಕಾಗ್ದ ಕಿತ್ತಾಕ್ದೆ."

ಬೆಂಗಳೂರಿಗೆ ಕಳಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಚಿತ್ರ ತೆಗೆಸಿದೆ. ತ್ರಿಕೋನಗಳೇ! ಬೆಳಕಿನಲ್ಲಿ ಇದ್ದೂ ಇದ್ದೂ ಗುಂಡು ಕಣಗಳೇ ಮೂಲೆ ತಳೆದಿದ್ದವು. ಖುಷಿಗೆ ಕಣ್ಣಲ್ಲಿ ನೀರು ಬಂತು. ಕೂಡಲೇ ಗೈಡಿಗೆ ಫೋನ್ ಮಾಡಿದೆ.

"ಭೇಷ್! ಈ ಸಲ ಏನಮ್ಮ ಮಾಡಿದೆ?"

"ಏನೂ ಮಾಡಲಿಲ್ಲ ಸಾರ್. ಲ್ಯಾಬಿಗೇ ಹೋಗಲಿಲ್ಲ."

ಅವರು, "ಸರಿ, ಹಾಗೇ ಮುಂದುವರಿಸು" ಎಂದರು.