ಮೈದುನನ ಹನ್ನೆರಡು ಕಂಬಗಳು

ನನ್ನ ಹೆಂಡತಿಯ ತಮ್ಮನಷ್ಟು ಅಪಾಯಕಾರಿ ಅತಿಥಿ ಇಡೀ ಪುಣೆಯಲ್ಲಿ ಇನ್ನೊಬ್ಬನಿಲ್ಲ. ಬೇರೆಯವರು ಮನೆಗೆ ಬಂದರೆ ದೇವರಿಗೆ ಕೈ ಮುಗಿಯುತ್ತಾರೆ. ಇವನು ಕಂಬಕ್ಕೆ ಕಿವಿ ಹಚ್ಚುತ್ತಾನೆ. ಒಂದು ಗೃಹಪ್ರವೇಶದಲ್ಲಿ ಪಂಕ್ತಿಯಿಂದೆದ್ದು, ತೊಲೆಯ ಬಿರುಕಿಗೆ ಆ ಮನೆಯವರದೇ ಆಮಂತ್ರಣ ಪತ್ರಿಕೆ ತುರುಕಿ, "ಪೂರಾ ಒಳಗ ಹೋತರಿ" ಎಂದು ಯಜಮಾನರಿಗೆ ಶುಭ ಹಾರೈಸುವವನಂತೆ ಹೇಳಿದ. ಅಂದಿನಿಂದ ಅವರು ನಮ್ಮನ್ನೂ ಕರೆಯುವುದಿಲ್ಲ.

ಕಟ್ಟಡಗಳ ಕಂಬ, ತೊಲೆಗಳ ವಿನ್ಯಾಸ ಮಾಡಿ ನಿವೃತ್ತನಾದ ಎಂಜಿನಿಯರ್ ಅವನು. ಪುಣೆಯ ವಾಕಡ ಬಡಾವಣೆಯಲ್ಲಿ ನಾವಿರುವ ಕಟ್ಟಡದ ನಕಾಶೆಯೂ ಅವನ ತಾರುಣ್ಯದ ಕೃತಿ. ಕೆಳಗೆ ಗೋಡೆಯಿಲ್ಲದ ಪಾರ್ಕಿಂಗ್, ಅಲ್ಲಿ ಹನ್ನೆರಡು ಕಂಬ, ಅವುಗಳ ಮೇಲೆ ನಾಲ್ಕು ಅಂತಸ್ತು. ಮೂರನೆಯದರಲ್ಲಿ ನಾವು. ಭೂಮಿ ನಡುಗಿದರೆ ಆ ಕಂಬಗಳು ತಡೆಯಲಿಕ್ಕಿಲ್ಲ ಎಂಬ ಗುಮಾನಿ ಅವನಿಗೆ ಹತ್ತಿತು.

"ನೀನೇ ನೋಡಿಬಿಡು" ಎಂದೆ.

"ನಾ ಬರದದ್ದು ನಾನ ನೋಡಿದರ ತಪ್ಪು ಕಾಣತದೇನು, ಭಾವಾ?"

ಬೇರೆಯವರನ್ನು ಕರೆದರೆ ಬರಲೊಲ್ಲರು. ಒಬ್ಬರ ನಕಾಶೆಯ ಬಗ್ಗೆ ಇನ್ನೊಬ್ಬರು ಬಾಯಿ ಬಿಡಬಾರದೆಂಬುದು ಎಂಜಿನಿಯರರ ಮರ್ಯಾದೆಯಂತೆ. ವೈದ್ಯರಾದರೂ ಇನ್ನೊಬ್ಬರ ಚೀಟಿ ನೋಡಿ ಹುಬ್ಬು ಹಾರಿಸುತ್ತಾರೆ. ಇವರ ಸೌಜನ್ಯದಲ್ಲಿ ಹುಬ್ಬಿಗೂ ಅವಕಾಶವಿಲ್ಲ!

ಅದಕ್ಕೇ ಇವನು ಭಾನುವಾರದ ಕೂಟವೊಂದನ್ನು ಹುಟ್ಟುಹಾಕಿದ. ಭೂಕಂಪದ ಅಪಾಯ ತಗ್ಗಿಸಲು ಎಂಜಿನಿಯರರೆಲ್ಲ ಒಂದಾಗುವುದೇ ಧ್ಯೇಯ. ಕೂಡುವುದು ನಮ್ಮ ಮನೆಯಲ್ಲಿ, ಏಕೆಂದರೆ ತನ್ನ ಮನೆಯಲ್ಲಿ ಬೇಡವೆನ್ನುವಷ್ಟು ತಿಳಿವಳಿಕೆ ಅವನ ಹೆಂಡತಿಗಿದೆ. ಹತ್ತಕ್ಕೆ ಆರಂಭ ಎಂದಿದ್ದರೂ ಹನ್ನೊಂದಕ್ಕೆ ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರೇ ನಾಲ್ವರು ಬಂದರು: ಮಣ್ಣು ಪರೀಕ್ಷಿಸುವವರು, ವಿನ್ಯಾಸ ಮಾಡುವವರು, ಆರ್ಕಿಟೆಕ್ಟ್ ಮತ್ತು ಗುತ್ತಿಗೆದಾರರು. ಎಲ್ಲರ ಕಂಕುಳಲ್ಲೂ ನಕಾಶೆಯ ಸುರುಳಿ. ಬಿಚ್ಚಿದವರು ಯಾರೂ ಇಲ್ಲ. "ಆಧೀ ತುಮ್ಹೀ", ಮೊದಲು ನೀವು ಎಂದು ಒಬ್ಬರಿಗೊಬ್ಬರು ಮರಾಠಿಯಲ್ಲಿ ಉಪಚಾರ ಮಾಡುತ್ತಲೇ ಅವಲಕ್ಕಿ ಮುಗಿಸಿದರು. ಸಹಕಾರ ಹೆಚ್ಚಬೇಕೆಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಅದಕ್ಕೆ ಮೊದಲು ಸಹಿ ಹಾಕುವವರು ಯಾರು ಎಂಬ ಜಗಳದಲ್ಲಿ ಸಭೆ ಮುರಿಯಿತು.

ಮುಂದಿನ ಭಾನುವಾರ ಮೈದುನ ನಮ್ಮ ಕಟ್ಟಡದ ನಕಾಶೆಯನ್ನೇ ಮೇಜಿನ ಮೇಲೆ ಹರಡಿದ. ಬರೆದವನ ಹೆಸರಿದ್ದ ಮೂಲೆಯನ್ನು ಕತ್ತರಿಸಿದ್ದ. ಪಕ್ಕದಲ್ಲಿ ನಾಲ್ಕು ಕೆಂಪು ಪೆನ್ಸಿಲ್.

"ಯಾರದರಿ ಇದು?" ಎಂದರು ಆರ್ಕಿಟೆಕ್ಟ್.

"ಹೆಸರು ಇಲ್ಲಲ್ಲರಿ. ಸುಮ್ಮ ನೋಡ್ರಿ."

ಹೆಸರಿಲ್ಲದವನಿಗೆ ಎಲ್ಲಿಯ ಸೌಜನ್ಯ? ನಾಲ್ವರೂ ಮುಗಿಬಿದ್ದರು.

"ನಾಕು ಬೆರಳಿಗೊಂದು ಇರಬೇಕಾದ ಕಬ್ಬಿಣದ ರಿಂಗು ಗೇಣಿಗೊಂದು ಅವ" ಎಂದರು ಗುತ್ತಿಗೆದಾರರು. "ಕಂಬ ಅಲುಗಾಡಿದರ ಒಳಗಿನ ಕಬ್ಬಿಣದ ಸಳಿ ಹಿಡಿಯವರು ಯಾರು?"

"ಬಸ್ಸಿನಾಗ ನಿಂತು ಬರದಾನ" ಎಂದರು ವಿನ್ಯಾಸದವರು.

"ಕುಂತ ಬರದಿದ್ದರ ಇನ್ನೂ ಕೆಡಸತಿದ್ದ" ಎಂದರು ಮಣ್ಣಿನವರು.

ಮೈದುನ ಚಹಾ ಬಗ್ಗಿಸುತ್ತ ಎಲ್ಲವನ್ನೂ ಬರೆದುಕೊಂಡ. ಬೈದು ದಣಿದ ಮೇಲೆ ನಾಲ್ವರೂ ತಲೆ ಕೂಡಿಸಿ, ಯಾವ ಕಂಬಕ್ಕೆ ಕಾಂಕ್ರೀಟಿನ ಕವಚ ಹಾಕಬೇಕು, ಎಲ್ಲೆಲ್ಲಿ ನಡುವೆ ಗೋಡೆ ಕಟ್ಟಬೇಕು ಎಂದು ಗುರುತು ಹಾಕತೊಡಗಿದರು. ಹನ್ನೆರಡಕ್ಕೆ ಆಗಬೇಕಾದ ನನ್ನ ಊಟ ಒಂದಕ್ಕೂ ಆಗಲಿಲ್ಲ. ಸಹಕಾರಕ್ಕೆ ನಾನು ಸಲ್ಲಿಸಿದ ಸೇವೆ ಇಷ್ಟೇ.

ಕೊನೆಗೆ ಮಣ್ಣಿನವರು ಕೇಳಿದರು: "ಇದರಾಗ ಯಾರರ ಇರತಾರೇನು?"

"ಇದರ ಮೂರನೇ ಅಂತಸ್ತಿನಾಗ ನೀವು ಚಹಾ ಕುಡ್ಯಾಕತ್ತೀರಿ" ಎಂದ ಮೈದುನ. "ಬರದಾಂವ ನಾನು."

ಗುತ್ತಿಗೆದಾರರು ಮೆಲ್ಲಗೆ ಹೆಬ್ಬೆರಳಿನಿಂದ ಕೆಂಪು ಗೆರೆ ಉಜ್ಜಲು ಹೋದರು.

"ಅಳಸಬ್ಯಾಡ್ರಿ. ಈಗ ನನ್ನ ಸಂಗಾಟ ಕೆಳಗ ಬರ್ರಿ."

ಎಲ್ಲರೂ ಪಾರ್ಕಿಂಗಿಗೆ ಇಳಿದು ಕಂಬಗಳನ್ನು ನೋಡಿದರು. ಸೋಮವಾರದಿಂದಲೇ ಕೂಡಿ ಕೆಲಸ ಎಂದು ಒಪ್ಪಿ ಹೋದರು. ಮೈದುನ ಮಾತ್ರ ಊಟಕ್ಕೆ ಬರಲಿಲ್ಲ. ಕಟ್ಟಡದ ಎಂಟು ಮನೆಗಳಲ್ಲಿ ಏಳು ಮನೆಗಳಿಗೆ ಒಂದೊಂದಾಗಿ ಹೋಗಿ, ಕಂಬಗಳಲ್ಲಿ ತಪ್ಪಾಗಿದೆ, ಮಾಡಿದವನು ನಾನೇ, ಸರಿಪಡಿಸುವವರು ಬರುತ್ತಾರೆ ಎಂದು ಹೇಳಿದನಂತೆ. ಒಂದೆರಡು ಕಡೆ ಬೈಗುಳವನ್ನೂ ನಿಂತು ಕೇಳಿದನಂತೆ.

ಎಂಟನೆಯ ಮನೆ ನಮ್ಮದು. ಬಾಗಿಲು ತೆರೆದೇ ಇತ್ತು. ಬೆಳಿಗ್ಗೆಯಿಂದ ಒಳಗೇ ಓಡಾಡಿದವನು ಈಗ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಗುರುತಿಲ್ಲದವನಂತೆ ಬೆಲ್ ಒತ್ತಿದ.

"ಅಕ್ಕಾ, ಭಾವಾ, ನಿಮ್ಮ ಮನಿ ಕಂಬದಾಗ ನಂದೊಂದು ತಪ್ಪು ಅದ" ಎಂದು ಶುರು ಮಾಡಿದ.

ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಅವನ ರಟ್ಟೆ ಹಿಡಿದಳು.

"ಒಳಗ ಬಾ, ತಮ್ಮಾ. ಅನ್ನ ಆರಾಕತ್ತದ."